ಕಾಣೆಯಾದ ಧನ್ಯವಾದ

ಫೋನಿನಲ್ಲಿ ಮೇಷ್ಟ್ರು ಕೇಳಿದ್ದು ಇಷ್ಟೇ: "ಎಲ್ಲಾ ಚೆನ್ನಾಗಿ ಬರ್ದಿದೀರಮ್ಮ. ಆದ್ರೆ ಕೊನೇಲಿ ಒಂದು ಧನ್ಯವಾದ ಇರ್ಬೇಕಲ್ಲ, ಕಣ್ತಪ್ಪಿ ಬಿಟ್ಬಿಟ್ರೇನೋ ನೋಡಿ."

ಬಿಟ್ಟಿರಲಾರೆ ಅನ್ನುವ ಧೈರ್ಯದಲ್ಲೇ, ನಾನು ಕನ್ನಡಕ್ಕೆ ತಂದಿದ್ದ ಅವರ ಮಗನ ಕೆಲಸದ ಸಾಕ್ಷಿಪತ್ರದ ಮೂಲ ಪ್ರತಿ ತೆಗೆದು ನೋಡಿದೆ. ಒಂದೂವರೆ ಪುಟದ ಜರ್ಮನ್. ಕೊನೆಯ ಸಾಲು: "ಇವರ ಉದ್ಯೋಗ ಮಾರ್ಚ್ 31ಕ್ಕೆ ಕೊನೆಗೊಳ್ಳುತ್ತದೆ." ಅದರ ಕೆಳಗೆ ಊರು, ದಿನಾಂಕ, ಸಹಿ. ಧನ್ಯವಾದವೂ ಇಲ್ಲ, ಶುಭ ಹಾರೈಕೆಯೂ ಇಲ್ಲ. ನಾನೇನೂ ಬಿಟ್ಟಿರಲಿಲ್ಲ. ಆದರೆ ಇರಬೇಕಾದ್ದು ಇಲ್ಲ ಅನ್ನುವುದು ಜರ್ಮನ್ ಒಂದಕ್ಷರ ಬಾರದ ಮೇಷ್ಟರಿಗೆ ಹೊಳೆಯಿತು, ಜರ್ಮನ್ನಲ್ಲೇ ಅನ್ನ ಹುಟ್ಟಿಸಿಕೊಳ್ಳುವ ನನಗೆ ಹೊಳೆದಿರಲಿಲ್ಲ.

ಇದು 2016ರ ಮಾತು. ಆ ಹೊತ್ತಿಗೆ ನಾನು ಅನುವಾದದ ಕೆಲಸಕ್ಕೆ ಇಳಿದು ಒಂಬತ್ತು ವರ್ಷ ಆಗಿತ್ತು. ಅನುವಾದ ಅಂದರೆ ಕತೆ ಕವಿತೆ ಅಂದುಕೊಳ್ಳಬೇಡಿ. ಗೇರ್‌ಬಾಕ್ಸಿನ ಮ್ಯಾನ್ಯುಯಲ್, ಪ್ಯಾಕಿಂಗ್ ಮಷೀನಿನ ಸುರಕ್ಷತಾ ಸೂಚನೆ, ಯಾವಾಗಲಾದರೊಮ್ಮೆ ಪೇಟೆಂಟು. ಇಂದಿರಾನಗರದ ಮ್ಯಾಕ್ಸ್ ಮ್ಯುಲರ್ ಭವನದ ಸಂಜೆ ಕ್ಲಾಸುಗಳಲ್ಲಿ ಕಲಿತ ಭಾಷೆ ಹೀಗೆ ಎಣ್ಣೆ-ಗ್ರೀಸಿನ ನಡುವೆ ಸವೆಯುತ್ತಿತ್ತು. ಬೇಸರವೇನಿರಲಿಲ್ಲ. ಮ್ಯಾನ್ಯುಯಲ್ ಭಾಷೆಗೆ ಒಳಗೊಂದು ಹೊರಗೊಂದು ಇರುವುದಿಲ್ಲ. ಬೋಲ್ಟ್ ಬಿಗಿ ಮಾಡು ಅಂದರೆ ಬಿಗಿ ಮಾಡು, ಅಷ್ಟೇ.

ಮೇಷ್ಟರ ಮಗ ನನ್ನ ಹತ್ತಿರವೇ ಒಂದಷ್ಟು ದಿನ ಜರ್ಮನ್ ಹೇಳಿಸಿಕೊಂಡವನು. ಹಾಸನದ ಕಡೆಯವನು, ಮೆಕ್ಯಾನಿಕಲ್ ಎಂಜಿನಿಯರ್. ಜರ್ಮನಿಯ ಒಂದು ಸಣ್ಣ ಊರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂರು ವರ್ಷ ಇದ್ದು, ತಾಯಿಗೆ ಹುಷಾರಿಲ್ಲವೆಂದು ವಾಪಸ್ ಬಂದಿದ್ದ. ಬರುವಾಗ ಕಂಪನಿ ಕೊಟ್ಟ 'ಆರ್ಬೈಟ್ಸ್‌ತ್ಸೊಯ್ಗ್ನಿಸ್' ತಂದಿದ್ದ. ಆರ್ಬೈಟ್ ಅಂದರೆ ಕೆಲಸ. ತ್ಸೊಯ್ಗ್ನಿಸ್ ಅಂದರೆ ಸಾಕ್ಷಿಪತ್ರ. ಶಾಲೆಯ ಮಾರ್ಕ್ಸ್ ಕಾರ್ಡಿಗೂ ಜರ್ಮನರು ಇದೇ ಶಬ್ದ ಬಳಸುತ್ತಾರೆ. ಇದನ್ನು ಆಗಲೇ ಗಮನಿಸಿದ್ದರೆ ಅರ್ಧ ಒಗಟು ಅಲ್ಲೇ ಬಿಡಿಸಿಕೊಳ್ಳುತ್ತಿತ್ತು. ಅವನಿಗೆ ಎರಡು ಅನುವಾದ ಬೇಕಿತ್ತು. ಬೆಂಗಳೂರಿನ ಹೊಸ ಕಂಪನಿಗೆ ಇಂಗ್ಲಿಷಿನದು, ಅಪ್ಪನಿಗೆ ಕನ್ನಡದ್ದು. ಅಪ್ಪ ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರ್. ಮಗನ ಬಗ್ಗೆ ಆ ದೇಶದವರು ಏನು ಬರೆದಿದ್ದಾರೆ ಅನ್ನುವುದನ್ನು ಮಗನ ಬಾಯಲ್ಲಿ ಕೇಳುವುದಕ್ಕಿಂತ ತಾವೇ ಓದಬೇಕು ಅನ್ನುವ ಆಸೆ.

ಪತ್ರದ ಮುಕ್ಕಾಲು ಭಾಗ ಅವನು ಯಾವ ವಿಭಾಗದಲ್ಲಿದ್ದ, ಏನೇನು ಯಂತ್ರ ನೋಡಿಕೊಂಡ ಅನ್ನುವ ಪಟ್ಟಿ. ಅದು ನನ್ನ ಮನೆಯಂಗಳ, ಸರಾಗವಾಗಿ ಬಂತು. ಆಮೇಲೆ ಈ ವಾಕ್ಯ: "ಎರ್ ವಾರ್ ಶ್ಟೇಟ್ಸ್ ಬೆಮ್ಯೂಟ್, ಡೀ ಈಮ್ ಯ್ಯೂಬರ್‌ಟ್ರಾಗನನ್ ಔಫ್‌ಗಾಬನ್ ತ್ಸು ಉನ್ಸರರ್ ತ್ಸುಫ್ರೀಡನ್‌ಹೈಟ್ ತ್ಸು ಎರ್‌ಲೇಡಿಗನ್." ನಾನು ಬರೆದ ಕನ್ನಡ: "ವಹಿಸಿದ ಕೆಲಸಗಳನ್ನು ನಮಗೆ ತೃಪ್ತಿಯಾಗುವಂತೆ ನೆರವೇರಿಸಲು ಅವರು ಸದಾ ಶ್ರಮಿಸಿದರು." ವ್ಯಾಕರಣದಲ್ಲಿ ತಪ್ಪಿಲ್ಲ. ನಿಘಂಟಿನ ಪ್ರಕಾರವೂ ತಪ್ಪಿಲ್ಲ. ಮೇಷ್ಟ್ರು ಅದನ್ನು ಬಂದ ನೆಂಟರಿಗೆಲ್ಲ ಓದಿ ಹೇಳಿದರಂತೆ.

ಧನ್ಯವಾದದ ಫೋನ್ ಬಂದ ಮೇಲೆ ಆ ಕಾಗದವನ್ನು ಮೊದಲಿಂದ ಓದಿದೆ. ಮೂರು ವರ್ಷ ದುಡಿದವನಿಗೆ ಒಂದು ಥ್ಯಾಂಕ್ಸ್ ಇಲ್ಲ ಅಂದರೆ ಏನೋ ಇದೆ ಅನಿಸಿತು. ಆಗ 'ಬೆಮ್ಯೂಟ್' ಮೇಲೆ ಕಣ್ಣು ನಿಂತಿತು. 'ಮ್ಯೂಎ' ಅಂದರೆ ಪ್ರಯಾಸ, ಪಡಿಪಾಟಲು. ಬೆಮ್ಯೂಟ್ ಅಂದರೆ ಪ್ರಯಾಸಪಡುವವನು. ಒಳ್ಳೆಯ ಶಬ್ದ. ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದ ಎರಡನೇ ಭಾಗದ ಕೊನೆಯಲ್ಲಿ ದೇವದೂತರು ಫೌಸ್ಟನ ಆತ್ಮವನ್ನು ಒಯ್ಯುವಾಗ ಹೇಳುವ ಮಾತಿನಲ್ಲೂ ಇದೇ ಕ್ರಿಯಾಪದ: ಯಾವಾಗಲೂ ಹಂಬಲಿಸುತ್ತ ಪ್ರಯಾಸಪಡುವವನನ್ನು ನಾವು ಉದ್ಧರಿಸಬಲ್ಲೆವು ಎಂದು. ದೇವದೂತರೇ ಮೆಚ್ಚಿದ ಗುಣದಲ್ಲಿ ಕೊಂಕು ಹುಡುಕುವುದು ಹೇಗೆ?

ಶಬ್ದವನ್ನು ಎಷ್ಟು ಹಿಂಡಿದರೂ ಅರ್ಥ ಬರುವುದಿಲ್ಲ ಅನ್ನುವಾಗ ಅದರ ಅಕ್ಕಪಕ್ಕದವರನ್ನು ವಿಚಾರಿಸಬೇಕು. ಮ್ಯಾನ್ಯುಯಲ್ ಕೆಲಸದಲ್ಲಿ ಕಲಿತ ಅಭ್ಯಾಸ ಅದು. ಒಂದು ಬಿಡಿಭಾಗದ ಹೆಸರು ಅರ್ಥವಾಗದಿದ್ದರೆ ಬೇರೆ ನಾಲ್ಕು ಕಂಪನಿಗಳ ಮ್ಯಾನ್ಯುಯಲ್ ತೆಗೆದು ಅದೇ ಜಾಗದಲ್ಲಿ ಅವರೇನು ಬರೆದಿದ್ದಾರೆ ಅಂತ ನೋಡುತ್ತೇವೆ. ಜರ್ಮನಿಯಲ್ಲಿ ಕೆಲಸ ಮಾಡಿ ಬಂದ ಹಳೆಯ ವಿದ್ಯಾರ್ಥಿಗಳಿಗೆ ಮೆಸೇಜು ಹಾಕಿದೆ, ನಿಮ್ಮ ತ್ಸೊಯ್ಗ್ನಿಸ್ ಕಳಿಸಿ, ಹೆಸರು ಮುಚ್ಚಿಯೇ ಕಳಿಸಿ ಅಂತ. ಏಳು ಬಂದವು. ಊಟದ ಮೇಜಿನ ಮೇಲೆ ಸಾಲಾಗಿ ಹರಡಿದೆ.

ಏಳರಲ್ಲೂ ಅದೇ ಜಾಗದಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯ. ಬೇರೆ ಬೇರೆ ಊರು, ಬೇರೆ ಬೇರೆ ಕಂಪನಿ, ಆದರೂ ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಗಳ ಹಾಗೆ. ಒಬ್ಬಳದರಲ್ಲಿ "ಸದಾ ನಮ್ಮ ಪೂರ್ಣಾತಿಪೂರ್ಣ ತೃಪ್ತಿಗೆ", ಇನ್ನೊಬ್ಬನದರಲ್ಲಿ "ಸದಾ ನಮ್ಮ ಪೂರ್ಣ ತೃಪ್ತಿಗೆ", ಮತ್ತೊಬ್ಬನದರಲ್ಲಿ 'ಸದಾ' ಬಿದ್ದುಹೋಗಿ ಬರೀ "ಪೂರ್ಣ ತೃಪ್ತಿಗೆ". ಎಲ್ಲರೂ ಕೆಲಸ ಮಾಡಿ ಮುಗಿಸಿದವರೇ. ನಮ್ಮ ಹುಡುಗನೊಬ್ಬನೇ 'ಮಾಡಲು ಪ್ರಯತ್ನಿಸಿದವನು'. ಆಗ ಎದೆ ಧಸಕ್ಕಂದಿತು.

ಜರ್ಮನಿಯವರೇ ಆದ ನನ್ನ ಹಳೆಯ ಟೀಚರಿಗೆ ಫೋನ್ ಮಾಡಿ ವಾಕ್ಯ ಓದಿ ಹೇಳಿದೆ. 'ಶ್ಟೇಟ್ಸ್ ಬೆಮ್ಯೂಟ್' ಕಿವಿಗೆ ಬೀಳುತ್ತಲೇ ಅವರಿಗೆ ನಗು ಬಂತು. ಅವರ ದೇಶದಲ್ಲಿ ಅದು ಟೀ ಶರ್ಟಿನ ಮೇಲೆ ಅಚ್ಚು ಹಾಕುವ ಮಟ್ಟದ ತಮಾಷೆಯಂತೆ. ಸೋತು ಸುಣ್ಣವಾದವನ ಸಮಾಧಿ ಮೇಲೆ ಏನು ಬರೆಯುವುದು? "ಸದಾ ಪ್ರಯತ್ನಿಸಿದರು." ಆಮೇಲೆ ಇದು ನಿಜವಾದ ಒಬ್ಬ ಹುಡುಗನ ಕಾಗದ ಅಂದಾಗ ನಗು ನಿಲ್ಲಿಸಿ ಲೆಕ್ಕ ಬಿಡಿಸಿ ಹೇಳಿದರು.

ಜರ್ಮನ್ ಶಾಲೆಗಳಲ್ಲಿ ಒಂದರಿಂದ ಆರರವರೆಗೆ ದರ್ಜೆ. ಒಂದು ಅತ್ಯುತ್ತಮ, ಆರು ಫೇಲು. ಈ ತೃಪ್ತಿಯ ವಾಕ್ಯ ಆ ಏಣಿಯ ಮೇಲೇ ನಿಂತಿದೆ. 'ಸದಾ ಪೂರ್ಣಾತಿಪೂರ್ಣ ತೃಪ್ತಿ' ಅಂದರೆ ಒಂದು. 'ಸದಾ ಪೂರ್ಣ ತೃಪ್ತಿ' ಎರಡು. 'ಸದಾ' ತೆಗೆದರೆ ಮೂರು. 'ಪೂರ್ಣ'ವನ್ನೂ ತೆಗೆದು ಬರೀ 'ತೃಪ್ತಿ' ಅಂದರೆ ನಾಲ್ಕು, ದಡ ಸೇರಿದ ಅನ್ನಬಹುದು. 'ಒಟ್ಟಾರೆ ನೋಡಿದರೆ ತೃಪ್ತಿ' ಅಂದರೆ ಐದು. 'ಪ್ರಯತ್ನಿಸಿದ' ಅಂದರೆ ಆರು. ಅಲ್ಲಿಗೆ ಮೇಷ್ಟ್ರು ನೆಂಟರೆದುರು ಓದಿದ್ದು ಮಗನ ಫೇಲಾದ ಮಾರ್ಕ್ಸ್ ಕಾರ್ಡು, ಅದಕ್ಕೆ ಹೊಗಳಿಕೆಯ ಕನ್ನಡ ಹೊದಿಸಿಕೊಟ್ಟವಳು ನಾನು.

ನಾನು 'ಪೂರ್ಣಾತಿಪೂರ್ಣ' ಅಂದ ಮೊದಲ ದರ್ಜೆಯ 'ಫೋಲ್‌ಸ್ಟನ್' ಶಬ್ದದ ಬಗ್ಗೆ ಜರ್ಮನರಲ್ಲೇ ಜಗಳವಿದೆ. 'ಫೋಲ್' ಅಂದರೆ ತುಂಬಿದ್ದು. ತುಂಬಿದ್ದಕ್ಕಿಂತ ಹೆಚ್ಚು ತುಂಬಿದ್ದು ಹೇಗೆ ಸಾಧ್ಯ ಅಂತ ವ್ಯಾಕರಣ ಬಲ್ಲವರು ತಕರಾರು ಮಾಡುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ ಅಂತ ನಮ್ಮ ಗಾದೆ. ಅವರ ಕೊಡ ತುಳುಕಿದರೇ ಫಸ್ಟ್ ಕ್ಲಾಸು.

ಇಷ್ಟೆಲ್ಲ ಸುತ್ತಿ ಬಳಸಿ ಯಾಕೆ ಬರೆಯುತ್ತಾರೆ? ನೆಟ್ಟಗೆ ಹೇಳಲು ಕಾನೂನು ಬಿಡುವುದಿಲ್ಲ, ಸುಳ್ಳು ಹೇಳಲೂ ಬಿಡುವುದಿಲ್ಲ. ಕೆಲಸ ಬಿಡುವ ಉದ್ಯೋಗಿಗೆ ಲಿಖಿತ ತ್ಸೊಯ್ಗ್ನಿಸ್ ಪಡೆಯುವ ಹಕ್ಕಿದೆ. ಅವರ ಕೈಗಾರಿಕಾ ಸಂಹಿತೆಯ 109ನೇ ಕಲಮಿನಲ್ಲಿದೆ ಅದು. ಕೇಳಿದರೆ ಕೆಲಸದ ಗುಣಮಟ್ಟ, ನಡವಳಿಕೆ ಎರಡರ ಬಗ್ಗೆಯೂ ಬರೆದುಕೊಡಲೇಬೇಕು. ಬರೆದದ್ದು ಸತ್ಯವಾಗಿರಬೇಕು. ಜೊತೆಗೆ ಅವನ ಮುಂದಿನ ದಾರಿಗೆ ಅನಗತ್ಯವಾಗಿ ಕಲ್ಲು ಹಾಕದ ಸದ್ಭಾವನೆಯೂ ಇರಬೇಕು ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 1963ರಲ್ಲೇ ಹೇಳಿದೆ. ಸತ್ಯವನ್ನೂ ಹೇಳು, ಪ್ರಿಯವನ್ನೂ ಹೇಳು. ಈ ಇಕ್ಕಟ್ಟಿನಲ್ಲಿ ಸಿಕ್ಕವರು ಮಾಡುವುದನ್ನೇ ಅವರು ಮಾಡಿದರು: ಹೊಗಳಿಕೆಯ ಶಬ್ದಗಳಲ್ಲೇ ತರತಮ ಇಟ್ಟರು. ತಮಾಷೆ ಏನೆಂದರೆ ಅದೇ 109ನೇ ಕಲಮು, ಪತ್ರದ ಮಾತು ಸ್ಪಷ್ಟವಾಗಿರಬೇಕು, ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬೇರೆ ಅರ್ಥ ಸೂಚಿಸುವ ಮಾತು ಇರಕೂಡದು ಅಂತಲೂ ಹೇಳುತ್ತದೆ. ಗುಪ್ತ ಸಂಕೇತಕ್ಕೆ ನಿಷೇಧ. ಆದರೆ ತೃಪ್ತಿಯ ಏಣಿ ಗುಪ್ತವೇ ಅಲ್ಲವಂತೆ, ಎಲ್ಲರಿಗೂ ಗೊತ್ತಿರುವಂಥದ್ದಂತೆ. ನ್ಯಾಯಾಲಯಗಳೂ ಅದರ ಮೇಲೇ ದರ್ಜೆ ಎಣಿಸುತ್ತವೆ. ಎಲ್ಲರಿಗೂ ಅಂದರೆ ಅಲ್ಲಿ ಹುಟ್ಟಿ ಬೆಳೆದ ಎಲ್ಲರಿಗೂ. ಹಾಸನದಿಂದ ಹೋದವನಿಗೆ ಯಾರು ಹೇಳಬೇಕು?

ಸಂಕೇತ ಒಡೆಯುವ ರುಚಿ ಹತ್ತಿದ ಮೇಲೆ ಎರಡು ವಾರ ನನಗೆ ಬೇರೆ ಕೆಲಸವೇ ಬೇಡವಾಯಿತು. "ತಮ್ಮ ಸ್ನೇಹಪರತೆಯಿಂದ ಕಚೇರಿಯ ವಾತಾವರಣ ಸುಧಾರಿಸಿದರು" ಅಂದರೆ ಕೆಲಸದ ಹೊತ್ತಿನಲ್ಲಿ ಕುಡಿಯುತ್ತಿದ್ದ. ಮೇಲಧಿಕಾರಿಗಳಿಗಿಂತ ಮೊದಲು ಸಹೋದ್ಯೋಗಿಗಳ ಜೊತೆಗಿನ ಸಂಬಂಧವನ್ನು ಹೊಗಳಿದ್ದರೆ ಬಾಸ್ ಜೊತೆ ಆಗಿಬರುತ್ತಿರಲಿಲ್ಲ. ತಿಂಗಳ ನಡುವಿನ ಯಾವುದೋ ತಾರೀಖಿಗೆ ಕೆಲಸ ಮುಗಿದಿದ್ದರೆ ದಿಢೀರನೆ ತೆಗೆದುಹಾಕಿರಬೇಕು (ನಮ್ಮವನದು ಮಾರ್ಚ್ 31, ಬಚಾವ್). ಕ್ಯಾಷಿಯರ್ ಪತ್ರದಲ್ಲಿ 'ಪ್ರಾಮಾಣಿಕ' ಅನ್ನುವ ಶಬ್ದ ಇರದಿದ್ದರೆ ಮುಗಿಯಿತು ಅವನ ಕತೆ. ಇದಕ್ಕೆ ಅವರ ಕಾನೂನಿನವರು ಇಟ್ಟ ಹೆಸರು ಬಲು ಚೆಂದ: 'ಬೆರೇಟಸ್ ಶ್ವೈಗನ್', ಮಾತಾಡುವ ಮೌನ. ಮೇಷ್ಟ್ರು ಕೇಳಿಸಿಕೊಂಡದ್ದು ಅದನ್ನೇ.

ಅನುವಾದಕರ ಕಣ್ಣು ಇದ್ದದ್ದನ್ನು ನೋಡಲು ಪಳಗಿರುತ್ತದೆ. ಬಲಗಡೆಯ ಪುಟದಲ್ಲಿ ಎಲ್ಲ ವಾಕ್ಯವೂ ಬಂತಾ, ಸಂಖ್ಯೆ ಸರಿಯಿದೆಯಾ ಅಂತ ತಾಳೆ ನೋಡುತ್ತೇವೆ. ಎರಡೂ ಕಡೆ ಇಲ್ಲದ್ದು ತಾಳೆಗೆ ಸಿಗುವುದೇ ಇಲ್ಲ. ಮೇಷ್ಟ್ರು ಓದುಗರು, ಪತ್ರ ಅಂದರೆ ಹೇಗೆ ಮುಗಿಯಬೇಕು ಅನ್ನುವುದು ಅವರ ಮೈಯಲ್ಲಿತ್ತು.

ರುಚಿ ಹತ್ತಿದ್ದು ಅತಿಯೂ ಆಯಿತು. ಉಳಿದ ಏಳು ಪತ್ರಗಳಲ್ಲೂ ದೆವ್ವ ಕಾಣತೊಡಗಿದವು. ಒಬ್ಬಳ ಪತ್ರದಲ್ಲಿ "ಇವರನ್ನು ನಾವು ಅತ್ಯಂತ ಆಸಕ್ತ, ಉತ್ಸಾಹಿ ಉದ್ಯೋಗಿಯಾಗಿ ಪರಿಚಯಿಸಿಕೊಂಡೆವು" ಅಂತಿತ್ತು. ಪರಿಚಯಿಸಿಕೊಂಡೆವು ಅಂದರೆ ಮೊದಲಿಗೆ ಹಾಗೆ ಕಂಡಳು, ಆಮೇಲೆ ಬಣ್ಣ ಬಯಲಾಯಿತು ಅಂತಲೇ ಇರಬೇಕು ಅಂದುಕೊಂಡು ಅವಳಿಗೆ ಹೇಳಿ ಹೆದರಿಸಿಯೂ ಬಿಟ್ಟೆ. ಹುಡುಕಿದರೆ, ಇದೇ ಅನುಮಾನ ಹೊತ್ತು ಒಬ್ಬ ಉದ್ಯೋಗಿ ಎರ್‌ಫುರ್ಟಿನಲ್ಲಿರುವ ಒಕ್ಕೂಟ ಕಾರ್ಮಿಕ ನ್ಯಾಯಾಲಯದವರೆಗೂ ಹೋಗಿದ್ದ. 2011ರಲ್ಲಿ ತೀರ್ಪು ಬಂತು: ಹಾಗೇನೂ ಇಲ್ಲ, ಆ ಮಾತಿಗೆ ಅದರ ಅರ್ಥವೇ ಅರ್ಥ. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮಡಿಸಿದ ಕಾಗದದಲ್ಲಿ ತ್ಸೊಯ್ಗ್ನಿಸ್ ಕಳಿಸಿದ್ದು ಅವಮಾನ ಅಂತ ಹೋದವನೂ ಇದ್ದಾನೆ; ನಕಲು ತೆಗೆದಾಗ ಮಡಿಕೆ ಕಾಣದಿದ್ದರೆ ಸಾಕು ಅಂದಿತು ಅದೇ ನ್ಯಾಯಾಲಯ 1999ರಲ್ಲಿ. ಈ ಕಾಗದವನ್ನು ಆ ಜನ ಯಾವ ಪರಿಯಲ್ಲಿ ಹಿಡಿದು ನೋಡುತ್ತಾರೆ ಅನ್ನುವುದು ಅರ್ಥವಾಗಲಿ ಅಂತ ಹೇಳಿದೆ.

ಇನ್ನು ಕನ್ನಡ. ಅರ್ಥವಾಯಿತು ಸರಿ, ಬರೆಯುವುದು ಹೇಗೆ?

"ಕೆಲಸ ತೃಪ್ತಿಕರವಾಗಿರಲಿಲ್ಲ" ಅಂತ ಬರೆದರೆ ತಾತ್ಪರ್ಯ ಬಂತು. ಆದರೆ ಆ ಕಂಪನಿ ಹಾಗೆ ಬರೆದಿಲ್ಲ, ಬರೆಯುವಂತೆಯೂ ಇಲ್ಲ. ಅವರು ಬಾಯಿ ಬಿಟ್ಟು ಹೇಳದ್ದನ್ನು ಅವರ ಬಾಯಲ್ಲಿ ಹೇಳಿಸಿದರೆ ನಾನು ಅನುವಾದಕಿಯಾಗುವುದಿಲ್ಲ, ಚಾಡಿ ಹೇಳುವವಳಾಗುತ್ತೇನೆ. ಹಾಗಂತ "ಸದಾ ಶ್ರಮಿಸಿದರು" ಅಂತ ಬಿಟ್ಟರೆ ಕನ್ನಡದಲ್ಲಿ ಶ್ರಮಕ್ಕೆ ಮರ್ಯಾದೆ ಜಾಸ್ತಿ. 'ಶ್ರಮಜೀವಿ' ಅಂದರೆ ಬಿರುದು. ಕಲ್ಲಾಗಿದ್ದ ಜರ್ಮನ್ ವಾಕ್ಯ ಕನ್ನಡದಲ್ಲಿ ಹೂವಾಗಿಬಿಡುತ್ತದೆ.

ನಮ್ಮಲ್ಲಿ ಇಂಥ ಭಾಷೆ ಇಲ್ಲ ಅಂತಲ್ಲ. ಹೆಣ್ಣು ನೋಡಿ ಬಂದವರು "ಊರಿಗೆ ಹೋಗಿ ತಿಳಿಸ್ತೀವಿ" ಅಂದರೆ ಯಾರೂ ಕಾಯುತ್ತ ಕೂರುವುದಿಲ್ಲ. "ಹುಡುಗ ಸಾಧು" ಅಂದರೆ ಏನು, "ಹುಡುಗಿ ಲಕ್ಷಣವಾಗಿದ್ದಾಳೆ" ಅಂದರೆ ಏನು, ನಮಗೆಲ್ಲ ಗೊತ್ತು. ಅಂಗಡಿಯವನ "ನೋಡೋಣ" ಕೂಡ ಗೊತ್ತು. ಆದರೆ ಇವೆಲ್ಲ ಆಡುಮಾತು. ಲೆಟರ್‌ಹೆಡ್ ಮೇಲೆ ಬರೆಯುವ ಮಾತಲ್ಲ.

ಅಡುಗೆಮನೆಯಲ್ಲಿ ನಿಂತಾಗ ಬಾಯಿಗೆ ಬಂದದ್ದು 'ಏನೋ'. "ಪ್ರಯತ್ನವೇನೋ ಮಾಡಿದ." ಇಷ್ಟಕ್ಕೇ ನಿಲ್ಲಿಸಿ ನೋಡಿ. ಎದುರಿಗಿದ್ದವರು "ಆದರೆ?" ಅಂತ ಕೇಳಿಯೇ ಕೇಳುತ್ತಾರೆ. ಆದರೆ ಅನ್ನುವ ಶಬ್ದ ವಾಕ್ಯದಲ್ಲಿಲ್ಲ, 'ಏನೋ' ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. "ಪ್ರಯತ್ನವನ್ನಂತೂ ಮಾಡಿದರು" ಅಂದರೂ ಅಷ್ಟೇ. ಜರ್ಮನ್ನರು ಇಡೀ ಒಂದು ಪದ್ಧತಿ ಕಟ್ಟಿ ಮಾಡಿದ ಕೆಲಸವನ್ನು ನಮ್ಮದೊಂದು ಬಾಲದಂಥ ಪ್ರತ್ಯಯ ಮಾಡುತ್ತದೆ. ಒಂದೇ ತೊಂದರೆ, ಜರ್ಮನ್ ಮೂಲದಲ್ಲಿ ಕೊಂಕು ಹೊರಗೆ ಕಾಣಿಸುವುದಿಲ್ಲ. ನಮ್ಮ 'ಏನೋ' ಕಣ್ಣು ಮಿಟುಕಿಸಿಬಿಡುತ್ತದೆ. ಬಹಳ ಯೋಚಿಸಿ ಕೊನೆಗೆ ಪತ್ರದೊಳಗೆ "ತೃಪ್ತಿಕರವಾಗಿ ನೆರವೇರಿಸುವ ಪ್ರಯತ್ನದಲ್ಲಿ ಅವರು ಸದಾ ಇದ್ದರು" ಎಂದು ಬರೆದೆ. ಶ್ರಮ ಹೋಯಿತು, ಪ್ರಯತ್ನ ಉಳಿಯಿತು, ನೆರವೇರಿತೇ ಇಲ್ಲವೇ ಅನ್ನುವುದು ಖಾಲಿ ಉಳಿಯಿತು. ದರ್ಜೆಯ ವಿಚಾರವನ್ನು ಪತ್ರಕ್ಕೆ ಸೇರಿಸದೆ ಬೇರೆ ಹಾಳೆಯಲ್ಲಿ ಬರೆದು ಹುಡುಗನ ಕೈಗೆ ಕೊಟ್ಟೆ. ಅಡಿಟಿಪ್ಪಣಿಯಾಗಿ ಹಾಕಬೇಕಿತ್ತು ಅಂತ ವಾದಿಸುವ ಅನುವಾದಕ ಗೆಳೆಯರಿದ್ದಾರೆ. ಪತ್ರ ಅವನದು, ಅದರ ರಹಸ್ಯ ಯಾರಿಗೆ ಹೇಳಬೇಕು ಅನ್ನುವುದೂ ಅವನದೇ ಅಂತ ನನ್ನ ನಿಲುವು, ಈಗಲೂ.

ಹುಡುಗ ಹಾಳೆ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಕೊನೆಯ ವರ್ಷ ಶಿಫ್ಟಿನ ವಿಚಾರಕ್ಕೆ ಮೇಲಿನವನ ಜೊತೆ ಮಾತಿಗೆ ಮಾತು ಬೆಳೆದಿತ್ತು ಅಂದ. ಕೆಲಸದಲ್ಲಿ ಲೋಪ ಅಂತ ಒಂದು ಮೆಮೊ ಕೂಡ ಬಂದಿರಲಿಲ್ಲವಂತೆ. ಹಾಗಿದ್ದರೆ ದಾರಿಯಿತ್ತು. 2014ರ ನವೆಂಬರಿನಲ್ಲಿ ಅದೇ ಎರ್‌ಫುರ್ಟಿನ ನ್ಯಾಯಾಲಯ ಒಂದು ಲೆಕ್ಕ ಗಟ್ಟಿ ಮಾಡಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡುತ್ತಿದ್ದ ಒಬ್ಬಾಕೆ ತನ್ನ ಪತ್ರಕ್ಕೆ 'ಸದಾ' ಸೇರಿಸಿ ಅಂತ ಹೋಗಿದ್ದಳು. ಇಡೀ ವ್ಯಾಜ್ಯ ಒಂದು 'ಶ್ಟೇಟ್ಸ್' ಶಬ್ದದ ಮೇಲೆ. ನ್ಯಾಯಾಲಯ ಹೇಳಿದ್ದು: ಮೂರನೇ ದರ್ಜೆಯೇ ಸರಾಸರಿ, ಅದಕ್ಕಿಂತ ಮೇಲಿನದು ಬೇಕಾದರೆ ಅರ್ಹತೆಯನ್ನು ಉದ್ಯೋಗಿ ಸಾಬೀತು ಮಾಡಬೇಕು. ಇದರ ಇನ್ನೊಂದು ಮಗ್ಗುಲು ನಮಗೆ ಬೇಕಿದ್ದದ್ದು. ಸರಾಸರಿಗಿಂತ ಕೆಳಗೆ ಕೊಟ್ಟರೆ ಸಾಬೀತು ಮಾಡುವ ಹೊರೆ ಕಂಪನಿಯದು. ಆದರೆ ತಡ ಮಾಡುವಂತಿಲ್ಲ, ತಿಂಗಳುಗಟ್ಟಲೆ ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ಆಗಲೇ ಎರಡು ತಿಂಗಳು ಕಳೆದಿತ್ತು.

ಒಂದು ಪುಟದ ಕಾಗದ ಬರೆದೆ, ಜರ್ಮನ್ನಲ್ಲಿ, ಅವರದೇ ಬೆಣ್ಣೆಯಂಥ ಶೈಲಿಯಲ್ಲಿ. ಜಗಳದ ಮಾತು ಒಂದಿಲ್ಲ. ಈ ಮೌಲ್ಯಮಾಪನದ ಆಧಾರ ತಿಳಿದರೆ ಅನುಕೂಲ, ಇಲ್ಲವಾದರೆ ತಿದ್ದಿದ ಪತ್ರ ದಯಪಾಲಿಸಿ ಅಂತಷ್ಟೇ. ಐದು ವಾರಕ್ಕೆ ದಪ್ಪ ಲಕೋಟೆ ಬಂತು. ಹೊಸ ತ್ಸೊಯ್ಗ್ನಿಸ್, ಹಳೆಯದರದೇ ದಿನಾಂಕ. ಜೊತೆಗೆ ವಿವರಣೆಯ ಒಂದು ಸಾಲೂ ಇಲ್ಲ. ಆ ವಾಕ್ಯ ಈಗ ಹೀಗಿತ್ತು: "ವಹಿಸಿದ ಕೆಲಸಗಳನ್ನು ನಮ್ಮ ಪೂರ್ಣ ತೃಪ್ತಿಗೆ ನೆರವೇರಿಸಿದರು." ಮೂರನೇ ದರ್ಜೆ. ಕಾನೂನು ಹೇಳಿದಷ್ಟು, ಒಂದು ಗುಲಗಂಜಿ ಹೆಚ್ಚಿಲ್ಲ.

ಬೆಂಗಳೂರಿನ ಕಂಪನಿಗೆ ಹೊಸ ಇಂಗ್ಲಿಷ್ ಅನುವಾದವನ್ನೂ ಕಳಿಸಿದ. ಅಲ್ಲಿನವರು ಮೊದಲನೆಯದನ್ನೇ ಭಾರಿ ಪ್ರಶಂಸೆ ಅಂದುಕೊಂಡು ಕೆಲಸ ಕೊಟ್ಟಾಗಿತ್ತು. ಎರಡನೆಯದು ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ.

ಕನ್ನಡದ್ದನ್ನು ನಾನೇ ಒಯ್ದೆ. ಮೊದಲನೆಯದರ ತಪ್ಪು ಒಪ್ಪಿಕೊಳ್ಳಬೇಕಿತ್ತಲ್ಲ. ಹೇಳಿದೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಟಿ.ಸಿ. ಬರೆಯುವಾಗ ನಡತೆಯ ಜಾಗದಲ್ಲಿ ತಾವೂ ಕೆಲವರಿಗೆ 'ಉತ್ತಮ' ಅಂತಲೂ ಕೆಲವರಿಗೆ 'ತೃಪ್ತಿಕರ' ಅಂತಲೂ ಬರೆಯುತ್ತಿದ್ದದ್ದನ್ನು ನೆನೆಸಿಕೊಂಡರು. "ತೃಪ್ತಿಕರ ಅಂತ ಬರ್ದಿದ್ರೆ ಮುಂದಿನ ಸ್ಕೂಲ್ನೋರು ಹುಡುಗನ್ನ ಎರಡು ಸಲ ನೋಡೋರು." ಆಮೇಲೆ ಕನ್ನಡಕ ಏರಿಸಿ ಹೊಸ ಹಾಳೆ ತೆಗೆದುಕೊಂಡರು. ಮೇಲಿನಿಂದ ಓದಲಿಲ್ಲ, ನೇರ ಕೊನೆಗೆ ಹೋದರು.

"ಇದರಲ್ಲೂ ಇಲ್ವಲ್ಲಮ್ಮ."

"ಇಲ್ಲ ಸರ್. ದರ್ಜೆ ತಿದ್ದಿಸಬಹುದು, ಧನ್ಯವಾದ ಕೇಳಿ ಇಸ್ಕೊಳೋಕೆ ಅಲ್ಲಿ ಹಕ್ಕಿಲ್ಲ. ಅದು ಕೊಡೋರ ಮನಸ್ಸಿಗೆ ಬಿಟ್ಟಿದ್ದು ಅಂತ 2012ರಲ್ಲಿ ತೀರ್ಪಾಗಿದೆ."

"ಅದಕ್ಕೂ ಕೋರ್ಟಿಗೆ ಹೋದೋರಿದಾರಾ?"

"ಒಬ್ಬ ಅಂಗಡಿ ಮ್ಯಾನೇಜರು ಹೋಗಿದ್ದ ಸರ್. ಸೋತ."

ಮೇಷ್ಟ್ರು ಜೋರಾಗಿ ನಕ್ಕರು. ಒಳಗಿನಿಂದ ಪ್ಲಾಸ್ಟಿಕ್ ಕವರ್ ತಂದು, ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹಿಂದೆ ಹಾಳೆ ಸೇರಿಸಿದರು. ಹಳೆಯ ಅನುವಾದವನ್ನು ನನಗೆ ವಾಪಸ್ ಕೊಟ್ಟರು.